ಹಳೆಯ ವಾಹನಗಳ ಪುನರ್ನಿರ್ಮಾಣ: ವೆಚ್ಚ, ತೆರಿಗೆ ಮತ್ತು ಕಾನೂನು

ಉಪ್ಪಾರಹಳ್ಳಿಯ ಆಸುಪಾಸಿನ ಹಾಗೂ ಗುಬ್ಬಿ, ಕುಣಿಗಲ್ ಕಡೆಯ ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕಪತ್ರ ನೋಡುವಾಗ ಈಚಿನ ಕೆಲವು ವರ್ಷಗಳಿಂದ ಹೊಸ ಬಗೆಯ ಆದಾಯವೊಂದು ನನ್ನ ಗಮನಕ್ಕೆ ಬರುತ್ತಿದೆ. ಗುಜರಿಗೆ ಹೋಗಬೇಕಾಗಿದ್ದ ಹಳೆಯ ಮೋಟಾರ್ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಎಂಜಿನ್ನಿನಿಂದ ಬಣ್ಣದವರೆಗೆ ಮತ್ತೆ ಕಟ್ಟಿಕೊಡುವ ಕೆಲಸವದು. ಕೇಳುವವರಿದ್ದಾರೆ, ಹಣ ಕೊಡುವವರೂ ಇದ್ದಾರೆ. ಹೀಗಿದ್ದೂ ಈ ಕೆಲಸ ಹಿಡಿದವರ ಲಾಭ-ನಷ್ಟದ ಖಾತೆ ವರ್ಷಾಂತ್ಯದಲ್ಲಿ ಸೊರಗಿರುತ್ತದೆ. ಇದರ ಕಾರಣವನ್ನು ವೆಚ್ಚ ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದಲ್ಲಿ ಇದು ದೊಡ್ಡ ಉದ್ದಿಮೆ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ ಸುಮಾರು 6.4 ಲೀಟರಿನ ವಿ-8 ಎಂಜಿನ್ ಕೂರಿಸಿ ‘ಜಿಟಿಒ’ ಎಂದು ಮಾರುಕಟ್ಟೆಗೆ ತಂದಿತು. ಅಂತಹ ಕಾರುಗಳಿಗೆ ಮಸಲ್ ಕಾರ್ ಎಂಬ ಹೆಸರು ನಿಂತಿತು. ಅವುಗಳನ್ನು ಹೊಸದಾಗಿ ಕಟ್ಟಿ ವಾರವೆಲ್ಲ ರಸ್ತೆಯಲ್ಲಿ ಓಡಿಸುವುದು, ರಜೆಯ ದಿನ ಕಾಲು ಮೈಲಿಯ, ಅಂದರೆ ಸುಮಾರು 402 ಮೀಟರಿನ ನೇರ ದಾರಿಯ ಡ್ರ್ಯಾಗ್ ಪಂದ್ಯಕ್ಕೆ ಒಯ್ಯುವುದು ಅಲ್ಲಿನವರ ಹವ್ಯಾಸ. ನಮ್ಮಲ್ಲಿ ಆ ಸ್ಥಾನ ಕಾರಿಗೆ ದೊರೆಯಲಿಲ್ಲ. ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸಾವನ್ನು ಕೆಲವರು ಹಾಗೆ ಕರೆಯುವುದುಂಟು, ಅಷ್ಟೆ. ನಮ್ಮ ಯುವಕರ ಮನಸ್ಸು ಸೆಳೆದದ್ದು ಟೂ-ಸ್ಟ್ರೋಕ್ ಬೈಕುಗಳು: 1985ರಲ್ಲಿ ಬಂದ, 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿದ್ದ ಯಮಾಹಾ ಆರ್‌ಎಕ್ಸ್ 100, ಜೋಡಿ ಸಿಲಿಂಡರಿನ ರಾಜ್‌ದೂತ್ 350, ಇವೆರಡಕ್ಕೂ ಮೊದಲು ನಮ್ಮದೇ ಮೈಸೂರಿನ ಜಾವಾ ಮತ್ತು ಯೆಜ್ಡಿ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಪರಿಚಯ ಹಿರಿಯ ಸದಸ್ಯರಿಗೆ ಬೇಕಿಲ್ಲ. ಜೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ 1961ರಲ್ಲಿ ಉತ್ಪಾದನೆ ಆರಂಭಿಸಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟ ಮಾಡಿ, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ತಂದ ಈ ಸಂಸ್ಥೆ 1996ರಲ್ಲಿ ಬಾಗಿಲು ಹಾಕಿತು. ಹೊಸ ಕಂಪನಿಯೊಂದು 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳನ್ನು ಮತ್ತೆ ಮಾರುಕಟ್ಟೆಗೆ ತಂದರೂ ಅವು ಫೋರ್-ಸ್ಟ್ರೋಕ್ ಬೈಕುಗಳು. ಹಳೆಯ ಎಂಜಿನ್ನಿಗೆ ಅವುಗಳ ಬಿಡಿಭಾಗ ಹೊಂದುವುದಿಲ್ಲ.

ಬಿ.ಕಾಂ. ಓದುವಾಗ ನಾನು ಓಡಿಸುತ್ತಿದ್ದ ರೋಡ್‌ಕಿಂಗ್ ಮನೆಯ ಹಿತ್ತಲಿನಲ್ಲಿ ಇಪ್ಪತ್ತು ವರ್ಷ ನಿಂತೇ ಇತ್ತು. ಅದನ್ನು ಮತ್ತೆ ಕಟ್ಟಿಸುವ ಮನಸ್ಸಾಗಿ ನಗರದ ಒಬ್ಬ ಮೇಸ್ತ್ರಿಯವರ ಬಳಿಗೆ ಒಯ್ದೆ. ಅವರು ರೂ. 72,000 ಕೇಳಿದರು. ಚೌಕಾಸಿ ಮಾಡಿ 60,000ಕ್ಕೆ ಒಪ್ಪಿಸಿದೆ. ಐದು ತಿಂಗಳಾದ ಮೇಲೆ ಬೈಕು ಕೈಗೆ ಬಂತು. ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಮರುವರ್ಷ ಅದೇ ಮೇಸ್ತ್ರಿ ಬ್ಯಾಂಕ್ ಸಾಲಕ್ಕಾಗಿ ಲೆಕ್ಕ ಬರೆಸಲು ನನ್ನ ಕಛೇರಿಗೆ ಬಂದರು. ಒಂದು ಚೀಲದ ತುಂಬ ಬಿಲ್ಲುಗಳು, ಜೊತೆಗೆ ದಿನಕ್ಕೆ ಎಷ್ಟು ಹೊತ್ತು ಯಾವ ಗಾಡಿಯ ಕೆಲಸವಾಯಿತೆಂದು ಅವರ ಮಗ ಬರೆದಿಟ್ಟಿದ್ದ ಒಂದು ನೋಟ್‌ಬುಕ್. ಆ ಪುಟಗಳಲ್ಲಿ ನನ್ನ ಬೈಕೂ ಇತ್ತು.

ಬಿಡಿಭಾಗಗಳ ಬಿಲ್ಲು ರೂ. 31,400. ಹೊರಗೆ ಮಾಡಿಸಿದ ಬೋರಿಂಗ್, ಕ್ರ್ಯಾಂಕ್ ಪ್ರೆಸ್ಸಿಂಗ್, ಕ್ರೋಮ್ ಲೇಪನ, ಬಣ್ಣ ಸೇರಿ ರೂ. 19,800. ಒಟ್ಟು 51,200. ಉಳಿದ 8,800 ರೂಪಾಯಿ ತಮ್ಮ ಲಾಭವೆಂದೇ ಮೇಸ್ತ್ರಿ ತಿಳಿದಿದ್ದರು. ಆದರೆ ನೋಟ್‌ಬುಕ್ಕಿನ ಪ್ರಕಾರ ಅವರೂ ಅವರ ಸಹಾಯಕನೂ ನನ್ನ ಬೈಕಿನ ಮೇಲೆ 118 ಗಂಟೆ ದುಡಿದಿದ್ದರು. ಆ ಗಂಟೆಗಳಿಗೆ ಬೆಲೆ ಇರಲಿಲ್ಲವೇ?

ಗಂಟೆಯ ದರ

ಇಲ್ಲಿ ಸ್ವಲ್ಪ ನಿಧಾನಿಸೋಣ. ತಪ್ಪು ನಡೆಯುವುದೇ ಈ ಜಾಗದಲ್ಲಿ. ಅವರ ತಿಂಗಳ ಸ್ಥಿರ ವೆಚ್ಚವನ್ನು ಹೀಗೆ ಹಿಡಿದೆವು: ಬಾಡಿಗೆ 9,000, ವಿದ್ಯುತ್ 2,500, ಸಹಾಯಕನ ಸಂಬಳ 14,000, ಉಪಕರಣಗಳ ಸವಕಳಿ, ವಿಮೆ, ದೂರವಾಣಿ ಇತ್ಯಾದಿ 6,500, ಮಾಲೀಕರ ಸ್ವಂತ ದುಡಿಮೆಗೆ 28,000. ಕೊನೆಯ ಬಾಬನ್ನು ಸೇರಿಸಲು ಮೇಸ್ತ್ರಿ ಸುತರಾಂ ಒಪ್ಪಲಿಲ್ಲ. “ನಂದೇ ಅಂಗಡಿ ಸಾರ್, ನನಗೆ ನಾನೇ ಸಂಬಳ ಕೊಟ್ಕೋಬೇಕಾ?” ಎಂದರು. “ನಾಳೆ ನಿಮಗೆ ಹುಷಾರಿಲ್ಲ ಅಂದ್ರೆ ಆ ಕೆಲಸಕ್ಕೆ ಬೇರೆಯವರನ್ನ ಇಟ್ಕೋಬೇಕಲ್ಲ, ಅವರಿಗೆ ಎಷ್ಟು ಕೊಡ್ತೀರಿ?” ಎಂದು ಕೇಳಿದೆ. ಬಾಬು ಸೇರಿತು. ಒಟ್ಟು ರೂ. 60,000.

ಇಬ್ಬರು, 25 ದಿನ, ದಿನಕ್ಕೆ 8 ಗಂಟೆ ಎಂದರೆ 400 ಗಂಟೆ. ಆದರೆ ಬಿಡಿಭಾಗ ತರಲು ಹೋಗುವುದು, ಗಿರಾಕಿಯೊಡನೆ ಮಾತು, ಕರೆಂಟು ಇಲ್ಲದ ಹೊತ್ತು, ಸುಮ್ಮನೆ ನೋಡಲು ಬಂದವರಿಗೆ ಚಹಾ ಇವೆಲ್ಲ ಕಳೆದು, ಬಿಲ್ ಮಾಡಬಹುದಾದ ಗಂಟೆ ನೋಟ್‌ಬುಕ್ಕಿನಂತೆ ಸುಮಾರು 240. ಅರವತ್ತು ಸಾವಿರವನ್ನು 240ರಿಂದ ಭಾಗಿಸಿದರೆ ಗಂಟೆಗೆ ರೂ. 250. ಈ ದರದಂತೆ ನನ್ನ ಬೈಕಿನ 118 ಗಂಟೆಗೆ ರೂ. 29,500. ಪೂರ್ಣ ವೆಚ್ಚ ರೂ. 80,700, ನಷ್ಟ ರೂ. 20,700. ಮೊದಲು ಕೇಳಿದ 72,000 ರೂಪಾಯಿಯನ್ನೇ ನಾನು ಕೊಟ್ಟಿದ್ದರೂ ಅವರಿಗೆ 8,700 ಕೈಬಿಡುತ್ತಿತ್ತು. ಲೆಕ್ಕ ಮುಗಿದಾಗ ತಲೆ ತಗ್ಗಿಸಬೇಕಾಗಿ ಬಂದದ್ದು ನಾನು. ವ್ಯತ್ಯಾಸದ ಹಣ ಕೊಡಹೋದರೆ, “ಮಾತು ಅಂದ್ರೆ ಮಾತು, ಬಿಡಿ ಸಾರ್” ಎಂದು ಕೈಮುಗಿದರು. ಆ ವರ್ಷದ ನನ್ನ ಶುಲ್ಕವನ್ನು ತೆಗೆದುಕೊಳ್ಳದೆ ಬಿಟ್ಟೆನಾದರೂ ಅದರಿಂದ ಲೆಕ್ಕ ಸರಿಹೋಯಿತೆಂದು ಹೇಳಲಾರೆ.

ಅನುಭವಿ ಮೇಸ್ತ್ರಿಯೂ ಅಂದಾಜಿನಲ್ಲಿ ಎಡವುವುದೇಕೆ? ಟೂ-ಸ್ಟ್ರೋಕ್ ಎಂಜಿನ್ನಿನ ಸ್ವಭಾವವೇ ಹಾಗೆ. ಅದರ ಕ್ರ್ಯಾಂಕ್ ಕೋಣೆ ಬರಿಯ ಪೆಟ್ಟಿಗೆಯಲ್ಲ, ಪೆಟ್ರೋಲ್ ಮಿಶ್ರಣವನ್ನು ಸೆಳೆದು ಮೇಲಕ್ಕೆ ತಳ್ಳುವ ಪಂಪು. ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದು ಹೊರಗಿನಿಂದ ಕಾಣದು. ಯೆಜ್ಡಿ 250ರ ಸಿಲಿಂಡರಿನ ಮೂಲ ವ್ಯಾಸ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಸವೆದಂತೆಲ್ಲ ಕಾಲು ಮಿಲಿಮೀಟರಿನ ಮೆಟ್ಟಿಲಿನಲ್ಲಿ ಬೋರ್ ದೊಡ್ಡದು ಮಾಡಿ ದಪ್ಪ ಪಿಸ್ಟನ್ ಹಾಕುವುದು ರೂಢಿ. ನಿಮಗಿಂತ ಮೊದಲು ಎಷ್ಟು ಕೈಗಳು ಆ ಮೆಟ್ಟಿಲು ಹತ್ತಿವೆ ಎಂಬುದು ಬಿಚ್ಚಿ ಅಳೆದ ಮೇಲೆಯೇ ತಿಳಿಯುತ್ತದೆ. ಕೊನೆಯ ಮೆಟ್ಟಿಲು ಮುಗಿದಿದ್ದರೆ ಹೊಸ ಸ್ಲೀವ್ ಹಾಕಿಸಬೇಕು, ಅಂದಾಜು ಅಲ್ಲಿಗೇ ಕುಸಿಯುತ್ತದೆ. ಹೀಗಿರುವಾಗ ಗಾಡಿ ನೋಡಿದೊಡನೆ ‘ಎಲ್ಲ ಸೇರಿ ಇಷ್ಟು’ ಎನ್ನುವುದು ಚೀಲದೊಳಗಿನ ಸರಕು ನೋಡದೆ ಬೆಲೆ ಕಟ್ಟಿದಂತೆ.

ಆದುದರಿಂದ ಅಂದಾಜನ್ನು ಎರಡು ಹಂತ ಮಾಡುವುದು ಸೂಕ್ತ. ಮೊದಲು ಬಿಚ್ಚಿ, ಅಳೆದು, ಪಟ್ಟಿ ಮಾಡಿಕೊಡುವ ಕೆಲಸಕ್ಕೆ ಪ್ರತ್ಯೇಕ ಶುಲ್ಕ ನಿಗದಿಪಡಿಸಿ. ಪಟ್ಟಿ ನೋಡಿ ಗಿರಾಕಿ ಹಿಂದೆ ಸರಿದರೂ ನಿಮ್ಮ ಶ್ರಮ ವ್ಯರ್ಥವಾಗದು. ಎರಡನೆಯದು ಪೂರ್ಣ ಅಂದಾಜು. ನಡುವೆ ಹೊಸ ದೋಷ ಕಂಡರೆ ಚಿತ್ರ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸಿ, ಒಪ್ಪಿಗೆಯ ಉತ್ತರ ಬಂದ ಮೇಲೆಯೇ ಮುಂದುವರಿಯಿರಿ. ಪ್ರತಿ ವಾಹನಕ್ಕೂ ಒಂದು ಜಾಬ್ ಕಾರ್ಡ್ ಇರಲಿ. ಬಿಡಿಭಾಗ, ಹೊರಗಿನ ಕೆಲಸ, ಗಂಟೆ ಈ ಮೂರೂ ಅದರಲ್ಲಿ ದಿನದಿನವೂ ಏರಬೇಕು. ಬಿಡಿಭಾಗ ಸಿಗದೆ ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಜಾಗದ ಬಾಡಿಗೆಯನ್ನೂ ಕರಾರಿನಲ್ಲಿ ಬರೆದುಕೊಳ್ಳಬಹುದು.

ತೆರಿಗೆಯ ಎರಡು ದಾರಿ

ಗಿರಾಕಿಯ ಸ್ವಂತ ವಾಹನವನ್ನು ಕಟ್ಟಿಕೊಟ್ಟರೆ ಅದು ದುರಸ್ತಿ ಸೇವೆ. ಅದಕ್ಕೆ ಸರಕು ಮತ್ತು ಸೇವಾ ತೆರಿಗೆ ಶೇ. 18. ಬಿಡಿಭಾಗಗಳ ಮೇಲೂ 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿರುವುದರಿಂದ ಹಿಂದೆ ಶೇ. 28ರ ದರದಿಂದ ಉಂಟಾಗುತ್ತಿದ್ದ ಗೊಂದಲ ತೀರಿದೆ. ನೋಂದಾಯಿತರು ಬಿಡಿಭಾಗಗಳ ಮೇಲೆ ಕೊಟ್ಟ ತೆರಿಗೆಯನ್ನು ಜಮೆ ಪಡೆಯಬಹುದು. ಸೇವೆ ನೀಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಸೇವೆಗೆ ಪಡೆದ ಮುಂಗಡದ ಮೇಲೆ, ಹಣ ಪಡೆದ ಅವಧಿಯಲ್ಲೇ ತೆರಿಗೆ ಬರುತ್ತದೆಂಬುದನ್ನು ಹಲವರು ಮರೆಯುತ್ತಾರೆ.

ಹಳೆಯ ಗಾಡಿಯನ್ನು ತಾವೇ ಕೊಂಡು, ಕಟ್ಟಿ, ಮಾರುವುದು ಬೇರೆ ದಾರಿ. ಇಲ್ಲಿ ತೆರಿಗೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ; 2025ರ ಜನವರಿಯಿಂದ ಎಲ್ಲ ಬಗೆಯ ಹಳೆಯ ವಾಹನಗಳಿಗೂ ಶೇ. 18. ಕೇಳಲು ಸುಲಭ. ಆದರೆ ಅಂತರ ಲೆಕ್ಕ ಹಾಕುವಾಗ ನೀವು ಮಾಡಿದ ದುರಸ್ತಿ ವೆಚ್ಚ ಕಳೆಯುವಂತಿಲ್ಲ. ರೂ. 40,000ಕ್ಕೆ ಕೊಂಡು, 90,000 ಖರ್ಚು ಮಾಡಿ, 1,50,000ಕ್ಕೆ ಮಾರಿದಿರೆನ್ನಿ. ಕೈಯಲ್ಲಿ ಉಳಿಯುವುದು 20,000. ತೆರಿಗೆಯ ಕಣ್ಣಿನಲ್ಲಿ ಅಂತರ 1,10,000, ಅದರ ಶೇ. 18 ಎಂದರೆ 19,800. ತೆರಿಗೆ ಬೆಲೆಯೊಳಗೇ ಸೇರಿದೆ ಎಂದು ಹಿಡಿದರೂ ಸುಮಾರು 16,780. ಗಿರಾಕಿ ಪ್ರತ್ಯೇಕವಾಗಿ ಕೊಡದಿದ್ದರೆ ಐದು ತಿಂಗಳ ಶ್ರಮದ ಫಲ ತೆರಿಗೆಗೇ ಸರಿ. ಆದುದರಿಂದ ನೋಂದಾಯಿತ ವರ್ಕ್‌ಶಾಪ್‌ಗಳಿಗೆ ಗಿರಾಕಿಯ ಗಾಡಿಯ ಮೇಲೆ ಕೆಲಸ ಮಾಡುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ರಸ್ತೆ ಮತ್ತು ಪಂದ್ಯ

ಅದೇ ಮೇಸ್ತ್ರಿಯವರ ಬಳಿಗೆ ಒಬ್ಬ ಯುವಕ ಆರ್‌ಎಕ್ಸ್ 100 ತಂದು, ದಿನಬಳಕೆಗೂ ಆಗಬೇಕು, ಡ್ರ್ಯಾಗ್ ಪಂದ್ಯಕ್ಕೂ ಆಗಬೇಕು, ಹಾಗೆ ಕಟ್ಟಿಕೊಡಿ ಎಂದ. ಪೋರ್ಟುಗಳನ್ನು ಅರದಿಂದ ಉಜ್ಜಿ ಅಗಲಿಸುವುದು, ಹೆಡ್ ತೆಳುಮಾಡಿ ಒತ್ತಡ ಹೆಚ್ಚಿಸುವುದು, ದೊಡ್ಡ ಕಾರ್ಬುರೇಟರ್, ಉಬ್ಬಿದ ಹೊಟ್ಟೆಯ ಪಂದ್ಯದ ಸೈಲೆನ್ಸರ್: ಬೇಡಿಕೆಯ ಪಟ್ಟಿ ಇದು. ಮುಂಗಡಕ್ಕೂ ಆತ ಸಿದ್ಧ. ಮೇಸ್ತ್ರಿ ನನಗೆ ಫೋನ್ ಮಾಡಿದರು.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ನಮೂದಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಬಂದ 182ಎ ಕಲಮು ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನಮ್ಮ ಸದಸ್ಯರು ಗಮನಿಸಬೇಕಾದ್ದು ಮತ್ತೊಂದಿದೆ: ಈ ಕಾಯ್ದೆಯಲ್ಲಿ ‘ಡೀಲರ್’ ಎಂಬ ಪದದ ವ್ಯಾಖ್ಯೆಯೊಳಗೆ ವಾಹನ ದುರಸ್ತಿ ಮಾಡುವವರೂ ಬರುತ್ತಾರೆ. ಸೈಲೆನ್ಸರ್ ಮೊದಲಾದ ರಚನಾ ನಿಯಮಗಳನ್ನು ಮೀರಿ ವಾಹನ ಮಾರ್ಪಡಿಸಿದ ಡೀಲರಿಗೆ ಒಂದು ವರ್ಷದವರೆಗೆ ಸೆರೆ ಅಥವಾ ವಾಹನವೊಂದಕ್ಕೆ ರೂ. 1 ಲಕ್ಷ ದಂಡ. ಹದಿನೈದು ಸಾವಿರದ ಕೆಲಸಕ್ಕೆ ಲಕ್ಷದ ಹೊಣೆ! ಸರ್ಕಾರದ ಲಿಖಿತ ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ನಡೆಸುವುದು 189ನೆಯ ಕಲಮಿನಂತೆ ಪ್ರತ್ಯೇಕ ಅಪರಾಧ. ಪಂದ್ಯವೇ ಬೇಕೆಂದರೆ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಗಳಿವೆ. ಅದಕ್ಕಾಗಿಯೇ ಬೇರೊಂದು ಬೈಕು ಕಟ್ಟಿ, ಲಗೇಜ್ ಆಟೋದಲ್ಲಿ ಸಾಗಿಸಿ, ಮುಚ್ಚಿದ ಟ್ರ್ಯಾಕಿನಲ್ಲಿ ಓಡಿಸಬೇಕು. ಅಂತಹ ಕೆಲಸದ ಕರಾರಿನಲ್ಲೂ ಬಿಲ್ಲಿನಲ್ಲೂ ‘ಸಾರ್ವಜನಿಕ ರಸ್ತೆಯಲ್ಲಿ ಬಳಸುವಂತಿಲ್ಲ’ ಎಂದು ಬರೆದು ಗಿರಾಕಿಯ ಸಹಿ ಪಡೆಯಬೇಕು.

ಮೂಲ ರೂಪಕ್ಕೆ ಮರಳಿಸುವ ಕೆಲಸಕ್ಕೆ ಇಂತಹ ತೊಡಕಿಲ್ಲ, ಕಾಗದಪತ್ರ ಸರಿಯಿದ್ದರೆ ಸಾಕು. ಗಾಡಿ ಒಳಗೆ ಬರುವ ಮೊದಲೇ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡಿ, ನಕಲು ಇಟ್ಟುಕೊಳ್ಳಿ. ಹದಿನೈದು ವರ್ಷ ಮೀರಿದ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು; ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ ಈ ಶುಲ್ಕ 2025ರ ಆಗಸ್ಟ್‌ನಿಂದ ರೂ. 2,000. ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರ ನಿಯಮಗಳಂತೆ ‘ವಿಎ’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಶುಲ್ಕ ರೂ. 20,000, ಅವಧಿ ಹತ್ತು ವರ್ಷ. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದುವಕ್ಕೆ ಬಿಟ್ಟು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅರವತ್ತರ ದಶಕದ ಜಾವಾಗಳಿಗೆ ಇದು ಒದಗುತ್ತದೆ. ನನ್ನ ರೋಡ್‌ಕಿಂಗ್ ಇನ್ನೂ ಆ ವಯಸ್ಸಿಗೆ ಬಂದಿಲ್ಲ.

ಆರ್‌ಎಕ್ಸ್ 100ರ ಯುವಕ ಮೂರು ದಿನ ಯೋಚಿಸಿ, ಬೈಕನ್ನು ಕಂಪನಿಯಿಂದ ಬಂದಾಗ ಇದ್ದಂತೆಯೇ ಕಟ್ಟಿಸಲು ಒಪ್ಪಿದ. ಬಿಚ್ಚಿ ಅಳೆಯುವ ಶುಲ್ಕ ರೂ. 3,000 ಮೊದಲೇ ಕೊಟ್ಟ. ಮೇಸ್ತ್ರಿ ಗಂಟೆಗೆ 250ರಂತೆ 70 ಗಂಟೆ ಹಿಡಿದಿದ್ದರು. ಜಾಬ್ ಕಾರ್ಡಿನ ಪ್ರಕಾರ 76 ಆಯಿತು.