ಹಲ್ಲುಗಳ ಆರೋಗ್ಯ: ನಿತ್ಯದ ಅಭ್ಯಾಸ, ಋತುವಿಗೆ ತಕ್ಕ ಎಚ್ಚರ

ಜ್ವರ ಬಂದರೆ ಎರಡು ದಿನಗಳೊಳಗೆ ವೈದ್ಯರನ್ನು ಕಾಣುವ ಕುಟುಂಬಗಳು ಕೂಡ ಹಲ್ಲಿನ ವಿಷಯದಲ್ಲಿ ತಿಂಗಳುಗಟ್ಟಲೆ ಉದಾಸೀನ ತೋರುವುದುಂಟು. ನೋವಿಲ್ಲದಿದ್ದರೆ ಹಲ್ಲು ಆರೋಗ್ಯವಾಗಿದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ನೋವು ಹಲ್ಲಿನ ರೋಗದ ಮೊದಲ ಲಕ್ಷಣವಲ್ಲ. ಬಹುಮಟ್ಟಿಗೆ ಅದು ತಡವಾಗಿ ಬರುವ ಲಕ್ಷಣ. ನೋವು ತಲೆದೋರುವ ವೇಳೆಗೆ, ಸಣ್ಣದೊಂದು ತುಂಬುವಿಕೆಯಿಂದ ಉಳಿಯಬಹುದಾಗಿದ್ದ ಹಲ್ಲಿಗೆ ಬೇರಿನ ಚಿಕಿತ್ಸೆ ಅಗತ್ಯವಾಗಿರುತ್ತದೆ, ಇಲ್ಲವೇ ಅದನ್ನು ಕೀಳಬೇಕಾಗಿರುತ್ತದೆ. ಹಲ್ಲಿನ ರೋಗಗಳನ್ನು ತಡೆಯುವ ಸುಲಭ ಕ್ರಮಗಳನ್ನೂ ಋತುಗಳಿಗೆ ಅನುಗುಣವಾಗಿ ವಹಿಸಬೇಕಾದ ಎಚ್ಚರಗಳನ್ನೂ ಇಲ್ಲಿ ವಿವರಿಸಲಾಗಿದೆ.

ಹಲ್ಲಿನ ರಚನೆ

ಮಗುವಿಗೆ ಸುಮಾರು ಆರು ತಿಂಗಳಾದಾಗ ಮೊದಲ ಹಾಲುಹಲ್ಲು ಮೂಡುತ್ತದೆ. ಹಾಲುಹಲ್ಲುಗಳು ಒಟ್ಟು 20. ಶಾಶ್ವತ ಹಲ್ಲುಗಳು 32. ಹಲ್ಲಿನ ಹೊರಕವಚಕ್ಕೆ ಎನಾಮೆಲ್ ಎಂದು ಹೆಸರು. ಮಾನವ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಆದರೆ ಮುರಿದ ಮೂಳೆ ಕೂಡಿಕೊಳ್ಳುವಂತೆ, ಒಡೆದ ಅಥವಾ ಕುಳಿಬಿದ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗೆ ಡೆಂಟಿನ್ ಎಂಬ ಮೃದುವಾದ ಪದರವಿದೆ. ಎಲ್ಲಕ್ಕಿಂತ ಒಳಗೆ ನರಗಳೂ ರಕ್ತನಾಳಗಳೂ ಇರುವ ತಿರುಳಿದೆ. ಎನಾಮೆಲ್‌ನಲ್ಲಿ ನರಗಳಿಲ್ಲವಾದ್ದರಿಂದ ಅದು ಕೊಳೆಯುವಾಗ ನೋವಾಗುವುದಿಲ್ಲ. ರೋಗವು ಸದ್ದಿಲ್ಲದೆ ಮುಂದುವರಿಯುವುದು ಈ ಕಾರಣದಿಂದಲೇ.

ತಾಯಿತಂದೆಯರು ಗಮನಿಸಬೇಕಾದ ಅಂಶವೊಂದಿದೆ. ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ, ಯಾವ ಹಾಲುಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಹೊಸ ದವಡೆ ಹಲ್ಲು ಹುಟ್ಟುತ್ತದೆ. ಇದನ್ನು ಹಾಲುಹಲ್ಲೆಂದು ತಿಳಿದು ಅನೇಕರು ನಿರ್ಲಕ್ಷಿಸುತ್ತಾರೆ. ವಾಸ್ತವವಾಗಿ ಇದು ಜೀವನದುದ್ದಕ್ಕೂ ಉಳಿಯಬೇಕಾದ ಶಾಶ್ವತ ಹಲ್ಲು. ಇದರ ಮೇಲ್ಮೈಯ ಆಳವಾದ ಗೆರೆಗಳಲ್ಲಿ ಆಹಾರ ಸಿಲುಕಿ ಬೇಗನೆ ಹುಳುಕು ಹಿಡಿಯುತ್ತದೆ. ಹಲ್ಲು ಮೂಡಿದ ಕೂಡಲೇ ಈ ಗೆರೆಗಳನ್ನು ಮುಚ್ಚುವ ತೆಳುವಾದ ಲೇಪವನ್ನು ದಂತವೈದ್ಯರು ಹಚ್ಚಬಲ್ಲರು. ಇದರಲ್ಲಿ ನೋವಿಲ್ಲ.

ಹುಳುಕು ಹೇಗೆ ಉಂಟಾಗುತ್ತದೆ?

ಹಲ್ಲಿನೊಳಗೆ ಹುಳುವಿರುತ್ತದೆ ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ಹಲ್ಲಿನ ಮೇಲೆ ಸದಾ ಕಟ್ಟಿಕೊಳ್ಳುವ ಅಂಟಾದ ಪದರದಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳಿವೆ. ನಾವು ಸಿಹಿ ತಿಂದೊಡನೆ ಅವು ಸಕ್ಕರೆಯನ್ನು ಬಳಸಿಕೊಂಡು ಆಮ್ಲವನ್ನು ಉತ್ಪಾದಿಸುತ್ತವೆ. ಈ ಆಮ್ಲವು ಎನಾಮೆಲ್‌ನಲ್ಲಿರುವ ಖನಿಜಾಂಶವನ್ನು ಕರಗಿಸುತ್ತದೆ. ಸುಮಾರು ಅರ್ಧ ಗಂಟೆಯ ಬಳಿಕ ಜೊಲ್ಲುರಸವು ಆಮ್ಲವನ್ನು ಶಮನಗೊಳಿಸಿ, ಕರಗಿದ ಖನಿಜಾಂಶದ ಒಂದು ಭಾಗವನ್ನು ಹಲ್ಲಿಗೆ ಮರಳಿಸುತ್ತದೆ. ಕರಗುವಿಕೆ ಮತ್ತು ಮರಳುವಿಕೆಗಳ ಈ ಸಮತೋಲ ತಪ್ಪಿದಾಗ ಮೊದಲು ಬಿಳಿಯ ಮಚ್ಚೆಯೂ, ಅನಂತರ ಕುಳಿಯೂ ಕಾಣಿಸಿಕೊಳ್ಳುತ್ತವೆ. ಬಿಳಿಯ ಮಚ್ಚೆಯ ಹಂತದಲ್ಲಿ ರೋಗವನ್ನು ತಡೆದು ನಿಲ್ಲಿಸಬಹುದು. ಕುಳಿಯಾದ ಮೇಲೆ ಅದನ್ನು ತುಂಬಿಸಲೇಬೇಕು.

ಆದ್ದರಿಂದ ಎಷ್ಟು ಸಿಹಿ ತಿಂದೆವು ಎಂಬುದರಷ್ಟೇ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಮುಂಬಯಿಯ ಕಚೇರಿಯಲ್ಲಿ ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಕಟಿಂಗ್ ಚಹಾ ಕುಡಿಯುವವರನ್ನೇ ತೆಗೆದುಕೊಳ್ಳಿ. ಅರ್ಧ ಗಂಟೆಯಂತೆ ಲೆಕ್ಕ ಹಾಕಿದರೆ ಅವರ ಹಲ್ಲುಗಳು ದಿನಕ್ಕೆ ಎರಡೂವರೆ ಗಂಟೆ ಆಮ್ಲದಲ್ಲಿ ನೆನೆಯುತ್ತವೆ. ಚೆನ್ನೈಯಲ್ಲಿ ಮತ್ತೆ ಮತ್ತೆ ಕುಡಿಯುವ ಸಕ್ಕರೆ ಬೆರೆತ ಕಾಫಿಗೂ ಇದೇ ಮಾತು ಅನ್ವಯಿಸುತ್ತದೆ. ಸಿಹಿಯನ್ನು ಊಟದೊಂದಿಗೇ ತಿಂದು ಮುಗಿಸುವುದು, ನಡುನಡುವಿನ ಚಹಾಕಾಫಿಗಳಲ್ಲಿ ಸಕ್ಕರೆ ಕಡಿಮೆ ಮಾಡುವುದು, ಪ್ರತಿಯೊಂದರ ನಂತರ ನೀರಿನಿಂದ ಬಾಯಿ ಮುಕ್ಕಳಿಸುವುದು ಖರ್ಚಿಲ್ಲದ ಉಪಾಯಗಳು.

ವಸಡಿನ ರೋಗ

ಅಂಟಾದ ಪದರವನ್ನು ದಿನವೂ ತೆಗೆಯದಿದ್ದರೆ ಅದು ಗಟ್ಟಿಯಾಗಿ ಗಾರೆಯಂತೆ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಇದರಿಂದ ವಸಡು ಊದಿಕೊಂಡು, ಉಜ್ಜುವಾಗ ರಕ್ತ ಬರುತ್ತದೆ. ರಕ್ತ ಕಂಡು ಹೆದರಿ ಉಜ್ಜುವುದನ್ನು ನಿಲ್ಲಿಸಿದರೆ ರೋಗವು ಹೆಚ್ಚುತ್ತದೆ. ಕ್ರಮೇಣ ಹಲ್ಲಿಗೆ ಆಧಾರವಾದ ಮೂಳೆಯೇ ಸವೆದು, ಹುಳುಕಿಲ್ಲದ ಹಲ್ಲು ಕೂಡ ಅಲುಗಾಡಿ ಬೀಳುತ್ತದೆ. ಮಧುಮೇಹವಿರುವವರಲ್ಲಿ ವಸಡಿನ ರೋಗ ತೀವ್ರವಾಗಿರುತ್ತದೆ; ವಸಡಿನ ಸೋಂಕು ಮುಂದುವರಿದಾಗ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟವಾಗುತ್ತದೆ. ಗರ್ಭಿಣಿಯರಲ್ಲಿ ವಸಡು ಬೇಗನೆ ಊದಿಕೊಳ್ಳುವುದರಿಂದ ಅವರೂ ವಿಶೇಷ ಗಮನ ನೀಡಬೇಕು.

ನಿತ್ಯದ ಶುಚಿತ್ವ

ಬೆಳಿಗ್ಗೆ ಒಮ್ಮೆ ಹಾಗೂ ರಾತ್ರಿ ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷಗಳ ಕಾಲ ಹಲ್ಲುಜ್ಜಬೇಕು. ಇವುಗಳಲ್ಲಿ ರಾತ್ರಿಯ ಉಜ್ಜುವಿಕೆಯೇ ಹೆಚ್ಚು ಮಹತ್ವದ್ದು. ನಿದ್ರೆಯಲ್ಲಿ ಜೊಲ್ಲುರಸ ಕಡಿಮೆಯಾಗಿ ಹಲ್ಲಿಗೆ ರಕ್ಷಣೆ ಇಲ್ಲವಾಗುತ್ತದೆ. ಮೃದುವಾದ ಎಳೆಗಳ ಬ್ರಷ್ಷನ್ನು ಆರಿಸಿಕೊಂಡು, ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಬಲವಾಗಿ ಅಡ್ಡಡ್ಡ ತಿಕ್ಕಿದರೆ ವಸಡಿನ ಬಳಿ ಹಲ್ಲು ಸವೆಯುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಎನಾಮೆಲ್ ಅನ್ನು ಗಟ್ಟಿಗೊಳಿಸುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳುಗಳಿಂದ ತಿಕ್ಕುವುದು ಎನಾಮೆಲ್‌ಗೆ ಹಾನಿಕರ. ಬೇವಿನ ಕಡ್ಡಿ ಬಳಸುವವರು ಅದನ್ನು ಚೆನ್ನಾಗಿ ಜಗಿದು ಮೆತ್ತಗಾಗಿಸಿ, ವಸಡಿಗೆ ಗಾಯವಾಗದಂತೆ ಉಜ್ಜಬೇಕು.

ಋತುಮಾನ ಮತ್ತು ಬಾಯಿಯ ಆರೋಗ್ಯ

ಬೇಸಿಗೆ: ಬೆವರು ಹೆಚ್ಚಾಗಿ ಶರೀರದಲ್ಲಿ ನೀರಿನ ಅಂಶ ಇಳಿದಾಗ ಬಾಯಿ ಒಣಗುತ್ತದೆ. ಜೊಲ್ಲುರಸ ಕಡಿಮೆಯಾದಂತೆ ಹುಳುಕಿನ ಅಪಾಯ ಹೆಚ್ಚುತ್ತದೆ. ಬಾಯಾರಿಕೆಗೆ ಕುಡಿಯುವ ತಂಪು ಪಾನೀಯಗಳಲ್ಲಿ ಸಕ್ಕರೆಯೂ ಆಮ್ಲವೂ ಕೂಡಿಕೊಂಡಿರುತ್ತವೆ. ನೀರು, ಸಿಹಿಯಿಲ್ಲದ ಮಜ್ಜಿಗೆ ಇವೇ ಉತ್ತಮ. ನಿಂಬೆಯ ಪಾನಕ, ಕೋಕಂ ಶರಬತ್ತುಗಳಂಥ ಹುಳಿ ಪದಾರ್ಥ ಸೇವಿಸಿದ ಕೂಡಲೇ ಹಲ್ಲುಜ್ಜಬಾರದು. ಆಮ್ಲದಿಂದ ಮೆತ್ತಗಾದ ಎನಾಮೆಲ್ ಬ್ರಷ್ಷಿನಿಂದ ಸವೆದುಹೋಗುತ್ತದೆ. ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಬಹುದು. ಬೇಸಿಗೆ ರಜೆಯು ಮಕ್ಕಳ ಹಲ್ಲು ತೋರಿಸಲು ಸೂಕ್ತ ಕಾಲ. ರಜೆಗೆ ಕರ್ನಾಟಕದ ಊರುಗಳಿಗೆ ತೆರಳುವ ಕುಟುಂಬಗಳು ಹೊರಡುವ ಮುನ್ನವೇ ತಪಾಸಣೆ ಮಾಡಿಸಿಕೊಂಡರೆ, ಹಳ್ಳಿಯಲ್ಲಿ ನಡುರಾತ್ರಿ ಹಲ್ಲುನೋವಿನಿಂದ ಪರದಾಡುವುದು ತಪ್ಪುತ್ತದೆ.

ಮಳೆಗಾಲ: ಮುಂಬಯಿಯಂಥ ನಗರಗಳಲ್ಲಿ ಮಳೆ ಜೋರಾದಾಗ ಕುಡಿಯುವ ನೀರು ಕಲುಷಿತವಾಗುವ ಸಂಭವವಿದೆ. ಕುಡಿಯಲು ಮಾತ್ರವಲ್ಲದೆ ಬಾಯಿ ಮುಕ್ಕಳಿಸಲೂ ಕುದಿಸಿ ಆರಿಸಿದ ನೀರನ್ನು ಬಳಸುವುದು ಕ್ಷೇಮ. ತೇವದ ಹವೆಯಲ್ಲಿ ಬ್ರಷ್ ಒಣಗುವುದಿಲ್ಲ. ಅದನ್ನು ಮುಚ್ಚಿದ ಡಬ್ಬಿಯಲ್ಲಿಡದೆ, ಕೊಡವಿ, ಗಾಳಿಯಾಡುವ ಕಡೆ ನೇರವಾಗಿ ನಿಲ್ಲಿಸಿಡಬೇಕು. ಮನೆಯವರೆಲ್ಲರ ಬ್ರಷ್ಷುಗಳು ಒಂದಕ್ಕೊಂದು ತಾಗದಿರಲಿ.

ಹಬ್ಬಗಳ ಕಾಲ: ಗಣೇಶ ಚತುರ್ಥಿಯಿಂದ ಸಂಕ್ರಾಂತಿಯವರೆಗೆ ಮನೆಯಲ್ಲಿ ಸಿಹಿ ತಿಂಡಿಗಳಿಗೆ ಕೊರತೆಯಿಲ್ಲ. ಬೆಲ್ಲವು ಸಕ್ಕರೆಯಷ್ಟು ಕೆಡುಕಲ್ಲ ಎಂಬುದು ಹಲ್ಲಿನ ಮಟ್ಟಿಗೆ ತಪ್ಪು ಕಲ್ಪನೆ. ಸೂಕ್ಷ್ಮಜೀವಿಗಳಿಗೆ ಎರಡೂ ಒಂದೇ. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಪುಣೆಯ ತಿಳಗುಳ, ದೆಹಲಿಯ ಗಜಕ್ ಮತ್ತು ರೇವಡಿಗಳು ಹಲ್ಲಿಗೆ ಅಂಟಿಕೊಂಡು ಬಹಳ ಹೊತ್ತು ಉಳಿಯುತ್ತವೆ. ಹಬ್ಬದ ಸಿಹಿಯನ್ನು ಬಿಡಬೇಕಾಗಿಲ್ಲ. ಡಬ್ಬಿ ತೆರೆದಿಟ್ಟು ದಿನವಿಡೀ ಬಾಯಾಡಿಸುವ ಬದಲು ಊಟದ ಜೊತೆಗೆ ತಿಂದು ಬಾಯಿ ತೊಳೆಯಬೇಕು.

ಚಳಿಗಾಲ: ದೆಹಲಿಯ ಚಳಿಯಲ್ಲಿ ನಲ್ಲಿಯ ನೀರು ತಾಗಿದೊಡನೆ ಹಲ್ಲು ಜುಮ್ಮೆನ್ನುವುದನ್ನು ಅನೇಕರು ಚಳಿಯ ತಪ್ಪೆಂದು ಸುಮ್ಮನಾಗುತ್ತಾರೆ. ಚಳಿಯು ದೋಷವನ್ನು ತೋರಿಸುತ್ತದೆಯೇ ಹೊರತು ಉಂಟುಮಾಡುವುದಿಲ್ಲ. ಎನಾಮೆಲ್ ಸವೆದಿದೆ, ವಸಡು ಸರಿದಿದೆ ಅಥವಾ ಹುಳುಕು ಆರಂಭವಾಗಿದೆ ಎಂಬುದಕ್ಕೆ ಅದು ಸೂಚನೆಯಾಗಿರಬಹುದು. ನೆಗಡಿ ಕಟ್ಟಿದಾಗ ಮೇಲಿನ ದವಡೆ ಹಲ್ಲುಗಳೆಲ್ಲ ಒಟ್ಟಿಗೆ ನೋಯುವುದೂ ಉಂಟು. ಕೆನ್ನೆಯ ಮೂಳೆಯೊಳಗಿನ ಗಾಳಿಗೂಡು ಆ ಹಲ್ಲುಗಳ ಬೇರಿಗೆ ಸಮೀಪವಿರುವುದೇ ಇದಕ್ಕೆ ಕಾರಣ. ಬಗ್ಗಿದಾಗ ನೋವು ಹೆಚ್ಚಾದರೆ ಅದು ಈ ಬಗೆಯದಿರಬಹುದು. ಮಕ್ಕಳಿಗೆ ರಾತ್ರಿ ಕೊಡುವ ಕೆಮ್ಮಿನ ಸಿರಪ್‌ಗಳಲ್ಲಿ ಸಕ್ಕರೆ ಇರುವುದುಂಟು. ಔಷಧಿ ಕುಡಿಸಿದ ಮೇಲೆ ಬಾಯಿ ತೊಳೆಸಿಯೇ ಮಲಗಿಸಬೇಕು.

ನೀರು ಮತ್ತು ಫ್ಲೋರೈಡ್

ಮಿತವಾದ ಫ್ಲೋರೈಡ್ ಹಲ್ಲಿಗೆ ಹಿತ, ಅತಿಯಾದರೆ ಅಹಿತ. ಹೈದರಾಬಾದಿಗೆ ಸಮೀಪದ ನಲ್ಗೊಂಡ ಜಿಲ್ಲೆ ಇದಕ್ಕೆ ದೇಶದಲ್ಲೇ ಪ್ರಸಿದ್ಧ ಉದಾಹರಣೆ. ಅಲ್ಲಿನ ಅಂತರ್ಜಲದ ಅತಿಯಾದ ಫ್ಲೋರೈಡ್‌ನಿಂದ ಅನೇಕರ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡಿದವು, ಮೂಳೆಗಳು ಸೊಟ್ಟಗಾದವು. ಸ್ಫಟಿಕ ಮತ್ತು ಸುಣ್ಣ ಬಳಸಿ ನೀರನ್ನು ಶುದ್ಧೀಕರಿಸುವ ವಿಧಾನಕ್ಕೆ ಆ ಜಿಲ್ಲೆಯ ಹೆಸರೇ ಬಂದಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಕೊಳವೆಬಾವಿಯ ನೀರನ್ನು ಅವಲಂಬಿಸಿದವರು ಅದನ್ನು ಪರೀಕ್ಷೆ ಮಾಡಿಸುವುದು ಒಳಿತು.

ತಂಬಾಕು ಮತ್ತು ಅಡಿಕೆ

ಮಹಾರಾಷ್ಟ್ರದ ಕೆಲವು ಕಡೆ ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯಿದೆ. ಇದು ಹಲ್ಲನ್ನು ಶುಚಿಗೊಳಿಸುವುದಿಲ್ಲ, ವ್ಯಸನವನ್ನು ಬೆಳೆಸುತ್ತದೆ. ಹಲ್ಲಿನ ಪೇಸ್ಟ್ ಮತ್ತು ಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರವು 1992ರಲ್ಲಿಯೇ ನಿಷೇಧಿಸಿತು. ತಂಬಾಕಿಲ್ಲದ ಅಡಿಕೆಯೂ ನಿರಪಾಯಕಾರಿಯಲ್ಲ. ಅದು ಕೆನ್ನೆಯ ಒಳಪೊರೆಯನ್ನು ಬಿಗಿಯಾಗಿಸಿ ಬಾಯಿ ತೆರೆಯದಂತೆ ಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಒಂದರ ಮೇಲೊಂದಿಟ್ಟ ಮೂರು ಬೆರಳುಗಳು ಬಾಯಿಯೊಳಗೆ ಹೋಗದಿದ್ದರೆ, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರಗಳಾದರೂ ಮಾಯದಿದ್ದರೆ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ಕ್ಯಾನ್ಸರಿನ ತಪಾಸಣೆಗೆ ಅವಕಾಶವಿದೆ.

ನೆರೆಯ ದಂತ ಚಿಕಿತ್ಸಾಲಯ

ನೋವಿಲ್ಲದಿದ್ದಾಗಲೂ ವರ್ಷಕ್ಕೊಮ್ಮೆಯಾದರೂ ದಂತವೈದ್ಯರನ್ನು ಕಾಣಬೇಕು. ಮನೆಗೆ ಸಮೀಪದ ಒಂದೇ ಚಿಕಿತ್ಸಾಲಯಕ್ಕೆ ಕುಟುಂಬದವರೆಲ್ಲ ಹೋಗುವುದರಿಂದ ಅನುಕೂಲಗಳಿವೆ. ವೈದ್ಯರಿಗೆ ಹಿಂದಿನ ಸ್ಥಿತಿ ತಿಳಿದಿರುತ್ತದೆ. ಮಕ್ಕಳಿಗೆ ಭಯ ಕಳೆಯುತ್ತದೆ. ದೊಡ್ಡವರ ಹಲ್ಲಿನ ತಪಾಸಣೆ ನಡೆಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಆ ಕುರ್ಚಿ ಅದಕ್ಕೆ ಪರಿಚಿತವಾಗುತ್ತದೆ. ‘ಹಟ ಮಾಡಿದರೆ ಹಲ್ಲು ಕೀಳಿಸುತ್ತೇನೆ’ ಎಂದು ಹೆದರಿಸುವುದು ಸಲ್ಲದು.

ಮೊದಲ ಭೇಟಿಯಲ್ಲಿ ವೈದ್ಯರು ಸಣ್ಣ ಕನ್ನಡಿಯಿಂದ ಎಲ್ಲ ಹಲ್ಲುಗಳನ್ನೂ ವಸಡುಗಳನ್ನೂ ಪರೀಕ್ಷಿಸಿ, ಅಗತ್ಯವಿದ್ದರೆ ಎಕ್ಸ್-ರೇ ತೆಗೆಯುತ್ತಾರೆ. ನೋವು ಯಾವ ಕಡೆ, ಬಿಸಿಗೋ ತಣ್ಣಗಿನದಕ್ಕೋ, ರಾತ್ರಿ ತಾನಾಗಿಯೇ ಬರುತ್ತದೆಯೋ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಭಾಷೆಯ ಸಂಕೋಚ ಬೇಡ. ನಮ್ಮ ಹಳಗನ್ನಡದ ‘ಪಲ್’ ತಮಿಳಿನಲ್ಲಿ ಇಂದಿಗೂ ‘ಪಲ್’ ಆಗಿಯೇ ಇದೆ. ಬೆರಳಿಟ್ಟು ತೋರಿಸಿದರೂ ಸಾಕಾಗುತ್ತದೆ. ಮಧುಮೇಹ, ರಕ್ತದೊತ್ತಡ, ಹೃದಯದ ಕವಾಟದ ತೊಂದರೆ, ಗರ್ಭಧಾರಣೆ, ರಕ್ತ ತೆಳುಗೊಳಿಸುವ ಮಾತ್ರೆಗಳ ಸೇವನೆ ಇವುಗಳನ್ನು ಮುಚ್ಚಿಡಬಾರದು. ಆ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ನಿಜವಲ್ಲ. ಗಾರೆಯ ಅಡಿಯಲ್ಲಿ ಮೊದಲೇ ಸಡಿಲಗೊಂಡಿದ್ದ ಹಲ್ಲು ಆಗ ಅನುಭವಕ್ಕೆ ಬರುತ್ತದೆ, ಅಷ್ಟೆ. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಮಂದವಾಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಬೀದಿ ಬದಿಯಲ್ಲಿ ಹಲ್ಲು ಕಟ್ಟುವವರ ಬಳಿ ಹೋಗುವುದು ಮಾತ್ರ ನಿಜವಾಗಿಯೂ ಅಪಾಯಕಾರಿ. ಕುದಿಸಿ ಶುದ್ಧಗೊಳಿಸದ ಉಪಕರಣಗಳಿಂದ ಕಾಮಾಲೆಯ ಸೋಂಕು ಹರಡಬಹುದು. ಖರ್ಚು ಭರಿಸಲಾಗದವರು ಸರ್ಕಾರಿ ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳಿಗೆ ಹೋಗಬಹುದು. ಮುಂಬಯಿ, ಚೆನ್ನೈ, ಹೈದರಾಬಾದ್‌ಗಳಲ್ಲಿ ಇಂಥ ಆಸ್ಪತ್ರೆಗಳಿವೆ. ದೆಹಲಿಯಲ್ಲಿ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆಯಿದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ದಿನಕ್ಕೆ ಎರಡು ಸಲ ಉಜ್ಜಿರಿ. ರಾತ್ರಿಯದನ್ನು ಎಂದೂ ತಪ್ಪಿಸಬೇಡಿ.

2. ಸಿಹಿ ತಿನ್ನುವ ಪ್ರಮಾಣವನ್ನೂ ಸಲಗಳನ್ನೂ ಕಡಿಮೆ ಮಾಡಿರಿ.

3. ವಸಡಿನಲ್ಲಿ ರಕ್ತ, ತಣ್ಣೀರಿಗೆ ಜುಮ್ಮೆನ್ನುವಿಕೆ, ಮಾಯದ ಹುಣ್ಣು ಇವು ಎಚ್ಚರಿಕೆಯ ಸೂಚನೆಗಳು.

4. ಆರನೆಯ ವರ್ಷದಲ್ಲಿ ಮೂಡುವ ದವಡೆ ಹಲ್ಲನ್ನು ಕಾಪಾಡಿರಿ.

5. ಪೆಟ್ಟಿನಿಂದ ಶಾಶ್ವತ ಹಲ್ಲು ಬೇರುಸಹಿತ ಬಿದ್ದರೆ, ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದೆತ್ತಿ, ಹಾಲಿನಲ್ಲಿಟ್ಟು, ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಒಯ್ಯಿರಿ. ಅದನ್ನು ಮತ್ತೆ ಕೂರಿಸುವ ಸಾಧ್ಯತೆಯಿದೆ.

6. ನೋವಿಗೆ ಕಾಯದೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಿರಿ. ಹೊಸ ವರ್ಷದ ಪಂಚಾಂಗದಲ್ಲಿ ಹಬ್ಬಗಳನ್ನು ಗುರುತು ಮಾಡಿಕೊಳ್ಳುವಾಗಲೇ ಆ ದಿನವನ್ನೂ ಗುರುತಿಸಿಟ್ಟರೆ ಮರೆವಿಗೆ ಆಸ್ಪದವಿರುವುದಿಲ್ಲ.