ಚಳಿಗೆ ಏಳದ ಡೀಸೆಲ್ ಟ್ರಕ್ಕು

ಜನವರಿಯ ಬೆಳಗ್ಗೆ ವಾಲ್ನಟ್ ಕ್ರೀಕ್‌ನಲ್ಲಿ ನಾಲ್ಕೈದು ಡಿಗ್ರಿ. ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿದೆ, ಹೊರಗೆ ನಮ್ಮ ಹಳೇ ಟ್ರಕ್ಕು ಏಳುತ್ತಿಲ್ಲ. ಡೀಸೆಲ್ಲೂ ಹೆಪ್ಪುಗಟ್ಟಿರಬೇಕು ಅಂದುಕೊಂಡೆವು. ತಪ್ಪು. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುತ್ತೆ. ಡೀಸೆಲ್‌ನ ಮೇಣ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗಿಳಿದ ಮೇಲೇ ಕಾಡೋದು.

ಕೊರತೆ ಇರೋದು ಶಾಖದ್ದು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು 16ರಿಂದ 20 ಪಟ್ಟು ಅದುಮಿದಾಗ ಹುಟ್ಟುವ ಬಿಸಿಯೇ ಅದರ ಬೆಂಕಿಕಡ್ಡಿ. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪು ಬಿಸಿಯಾಗುತ್ತಲ್ಲ, ಹಾಗೆ. ತಣ್ಣಗಿನ ಲೋಹ ಆ ಬಿಸಿಯನ್ನು ಹೀರುತ್ತೆ. ಚಳಿಗೆ ಸೊರಗಿದ ಬ್ಯಾಟರಿ ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಿದರೆ ಹೀರೋದಕ್ಕೆ ಇನ್ನಷ್ಟು ಸಮಯ ಸಿಗುತ್ತೆ. ಅದನ್ನು ಸರಿದೂಗಿಸೋಕೆ ಗ್ಲೋ ಪ್ಲಗ್ ಇರೋದು.

ಮೊದಲು ಬ್ಯಾಟರಿ. ಎಂಜಿನ್ ಜೋರಾಗಿ ತಿರುಗಿದರೂ ಏಳದಿದ್ದರೆ ಹೊಗೆ ನೋಡಿ. ಬಿಳಿ ಹೊಗೆ ಅಂದರೆ ಡೀಸೆಲ್ ತಲುಪಿದೆ, ಹೊತ್ತಿಲ್ಲ: ಗ್ಲೋ ಪ್ಲಗ್ಗು, ಅದರ ರಿಲೇ ಪರೀಕ್ಷಿಸಿ. ಹೊಗೆಯೇ ಇಲ್ಲವೇ? ಫಿಲ್ಟರ್ ಕಟ್ಟಿರಬಹುದು, ಪೈಪಿನೊಳಗೆ ಗಾಳಿ ಸೇರಿರಬಹುದು. ಈಥರ್ ಸ್ಪ್ರೇ ಮಾತ್ರ ಬೇಡವೇ ಬೇಡ! ಕಾದ ಗ್ಲೋ ಪ್ಲಗ್ಗಿಗೆ ತಗುಲಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಎಂಜಿನ್ನೇ ಹಾಳು.

ನಮ್ಮದು ಬಿಳಿ ಹೊಗೆ. ತಂತಿ ಬಿಚ್ಚಿ ಮಲ್ಟಿಮೀಟರ್ ಇಟ್ಟೆವು. ಒಳ್ಳೆಯ ಪ್ಲಗ್ಗು ಒಂದು ಓಮ್ ಆಸುಪಾಸು ತೋರಿಸುತ್ತೆ, ಸುಟ್ಟದ್ದರಲ್ಲಿ ಕರೆಂಟೇ ಹರಿಯಲ್ಲ. ಎಂಟರಲ್ಲಿ ಮೂರು ಸತ್ತಿದ್ದವು.