ಪುಣೆಯಲ್ಲಿ ಜಪಾನಿ ಕಲಿಯುವವರಿಗೆ: ಕೃತಜ್ಞತೆಯ ಆರು ಸೂತ್ರಗಳು

ಪುಣೆಯಲ್ಲಿ ಜಪಾನಿ ಕಲಿಯಲು ದಾರಿಗಳು ಬಹಳ. ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ವಿಶ್ವವಿದ್ಯಾಲಯದ ತರಗತಿಗಳಿವೆ, ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯೂ ಊರಲ್ಲೇ ನಡೆಯುತ್ತದೆ. ಆದರೆ ಅದರ ಎನ್5ರಿಂದ ಎನ್1ರವರೆಗಿನ ಯಾವ ಹಂತದಲ್ಲೂ ಮಾತಾಡುವ ಪರೀಕ್ಷೆ ಇಲ್ಲ. ಹಾಗಾಗಿ ಕಲಿಯಲು ಹುರುಪು ತುಂಬಿದವರಿಗೆ ಜಪಾನಿಯಲ್ಲಿ ಥ್ಯಾಂಕ್ಸ್ ಹೇಳುವುದನ್ನು ನಾವೇ ರೂಢಿಸಿಕೊಳ್ಳಬೇಕು.

1. ಅರ್ಧಕ್ಕೆ ನಿಲ್ಲಿಸಬೇಡಿ. ಬರೀ 'ಅರಿಗಾತೋ' ಗೆಳೆಯರಿಗೆ ಸಾಕು. ಗುರುಗಳಿಗೆ, ಆಫೀಸಿನ ಹಿರಿಯರಿಗೆ 'ಅರಿಗಾತೋ ಗೊಝಾಯ್‌ಮಸ್'. ಪಾಠವೋ ಕೆಲಸವೋ ಮುಗಿದಿದ್ದರೆ 'ಗೊಝಾಯ್‌ಮಶಿತಾ'. 'ಗೊಝಾಯ್‌ಮಸ್' ಪದದ ಕೊನೆಯ 'ಸು'ವನ್ನು ನಮ್ಮ ರೂಢಿಯಂತೆ ಒತ್ತಿ ಹೇಳದೆ 'ಸ್' ಎಂದು ಮುಗಿಸಿ.

2. ಸ್ಫೂರ್ತಿ ಸಿಕ್ಕಿತೆಂದು ಬಾಯಿಬಿಟ್ಟು ಹೇಳಿ. ಸಹೋದ್ಯೋಗಿ ಎನ್2 ಪಾಸಾದದ್ದು ಕಂಡು ನಿಮಗೂ ಹುಮ್ಮಸ್ಸು ಬಂತೇ? 'ಶಿಗೆಕಿ ಒ ಉಕೆಮಶಿತಾ' ಎನ್ನಿ. ನಿಮ್ಮನ್ನೇ ಯಾರಾದರೂ ಮೆಚ್ಚಿ ಬೆನ್ನು ತಟ್ಟಿದರೆ, 'ಹಗೆಮಿ ನಿ ನರಿಮಸ್'.

3. ಹಿರಿಯರಿಗೆ ಮಾರ್ಕ್ಸ್ ಕೊಡಬೇಡಿ. 'ಚೆನ್ನಾಗಿ ಪಾಠ ಮಾಡಿದಿರಿ' ಎಂದರೆ ಜಪಾನಿನಲ್ಲಿ ಅಧಿಕಪ್ರಸಂಗ. 'ತೈಹೆನ್ ಬೆಂಕ್ಯೋ ನಿ ನರಿಮಶಿತಾ', ಅಂದರೆ ನನಗೆ ಬಹಳ ಕಲಿತಂತಾಯಿತು ಎನ್ನಿ.

4. 'ಅನಾತಾ' ಬಿಡಿ. 'ನೀವು' ಎಂಬಲ್ಲೆಲ್ಲ ಅದನ್ನು ತುರುಕಿದರೆ ಹಿರಿಯರ ಕಿವಿಗೆ ಒರಟು. ಗುರುಗಳನ್ನು 'ಸೆನ್ಸೇ' ಎಂದೂ ಉಳಿದವರನ್ನು ಮನೆತನದ ಹೆಸರಿಗೆ 'ಸಾನ್' ಸೇರಿಸಿಯೂ ಕರೆಯಿರಿ.

5. ಎರಡನೇ ಸಲವೂ ಹೇಳಿ. ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನ ಜಪಾನಿನ ಒಕಾಯಾಮಾದ ಕೊರಾಕುಎನ್ ಉದ್ಯಾನದ ಮಾದರಿಯದು. ಅಲ್ಲಿನ ಕೊಳ, ಸೇತುವೆಗಳನ್ನು ಜಪಾನಿ ಸಹೋದ್ಯೋಗಿ ನಿಮಗೆ ವಿವರಿಸಿದರೆನ್ನಿ. ಆಗಲೇ ಥ್ಯಾಂಕ್ಸ್ ಹೇಳಿದ್ದೀರಿ, ಸರಿ. ಮುಂದಿನ ವಾರ ಸಿಕ್ಕಾಗ ಮೊದಲ ಮಾತೇ 'ಸೆಂಜಿತ್ಸು ವಾ ಅರಿಗಾತೋ ಗೊಝಾಯ್‌ಮಶಿತಾ' ಆಗಿರಲಿ. ಮೊನ್ನೆಯ ಉಪಕಾರ ಮರೆತಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ.

6. ಫಲ ಸಿಕ್ಕಾಗ ಸುದ್ದಿ ಮುಟ್ಟಿಸಿ. 'ಒಕಾಗೆಸಮಾ ದೆ ಗೋಕಾಕು ಶಿಮಶಿತಾ': ನಿಮ್ಮ ಆಶೀರ್ವಾದದಿಂದ ಪಾಸಾದೆ. 'ಗೋಕಾಕು' ಮರೆತರೆ ನಮ್ಮ ಗೋಕಾಕವನ್ನು ನೆನೆಸಿಕೊಳ್ಳಿ!

ಸ್ಫೂರ್ತಿ ಕೊಟ್ಟವರಿಗೆ ಅದು ಯಾರಿಗೆ, ಎಲ್ಲಿ ಫಲಿಸಿತೆಂದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಸರ್ಟಿಫಿಕೇಟ್ ಬರಲೆಂದು ಕಾಯಬೇಡಿ. ಇವುಗಳಲ್ಲಿ ಒಂದು ಸಾಲನ್ನು ಇವತ್ತೇ ನಿಮ್ಮ ಸೆನ್ಸೇಗೆ ಹೇಳಿಬಿಡಿ.